ನಿಮ್ಮ ಬೆನ್ನ ಮೇಲಿನ ಬೆಂಕಿ

ನಾಗಹಾಮಾ
೧೨ ನವೆಂಬರ್ ೧೯೫೬

ತೋಕುಜಿ ಅವರಿಗೆ,

ಚಳಿ ಬಂತು, ಎಲೆ ಉದುರಿತು ಅಂತ ಬರೆದು ಕಾಗದ ಶುರುಮಾಡುವುದು ಮರ್ಯಾದೆ. ಸದ್ಯಕ್ಕೆ ನಿಮಗೆ ಅಷ್ಟು ಮರ್ಯಾದೆ ಬೇಡ.

ನಮ್ಮೂರಲ್ಲಿ ತೋಫು ಮಾರುವ ಕಿನು ಅಜ್ಜಿ ನಿನ್ನೆ ಅಕ್ಕನ ಮನೆಗೆ ಬಂದಿದ್ದಳು. ಕೂರುವುದಕ್ಕೂ ಮೊದಲೇ, "ಏನೇ ಇಸೆ, ಇಲ್ಲಿ ಸೀಗಡಿ ಆರಿಸ್ತಾ ಕೂತಿದೀಯಲ್ಲೇ! ಅಲ್ಲಿ ಪಕ್ಕದ್ಮನೆ ನಾಮಿ ನಿನ್ ಗಂಡನ್ ಬೆನ್ ಮೇಲೆ ಮಾಚಿಪತ್ರೆ ಸುಡ್ತಾವ್ಳೆ" ಅಂದಳು. ಸುಡಲಿ ಬಿಡಜ್ಜಿ, ನನಗೇನು ಎಂದೆ. "ಮೊದ್ಲು ಮುಖ ನೋಡ್ಕೋ ಹೋಗು" ಎಂದು ನಕ್ಕಳು ಮುದುಕಿ.

ನಿಜಕ್ಕೂ ನನಗೇನು? ಸೊಂಟನೋವಿಗೆ ಮಾಚಿಪತ್ರೆಯ ಕಿಡಿ ಇಡಲು ಮಠದ ಗುರುಗಳು ಶಾಯಿಯಲ್ಲಿ ಗುರುತು ಹಾಕಿಕೊಟ್ಟ ಜಾಗ ನಿಮ್ಮ ಕೈಗೆ ಎಟಕುವುದಿಲ್ಲ, ಯಾರಾದರೂ ಇಡಲೇಬೇಕು. ಇದ್ದಿಲ ಮೂಟೆ ಹೊತ್ತ ಸೊಂಟ, ಹಾಗೇ ಬಿಟ್ಟರೆ ಈ ಚಳಿಗೆ ಏಳಲಾರಿರಿ. ಆದರೆ ನಾಮಿಗೆ ಹೇಳಿ, ಮಾಚಿಪತ್ರೆಯ ನಾರನ್ನು ಅಕ್ಕಿಕಾಳಿಗಿಂತ ದಪ್ಪ ಹೊಸೆಯಬಾರದು. ಎಡಗಡೆ ಚರ್ಮ ತೆಳು. ಅಲ್ಲಿ ಪೂರ್ತಿ ಉರಿಯಲು ಬಿಡದೆ ಬೆರಳಲ್ಲಿ ಅದುಮಿ ಆರಿಸಬೇಕು. ಬೇಡ, ಹೇಳಬೇಡಿ. ಅವಳೇ ಕಲಿಯಲಿ. ಅಯ್ಯೋ, ಕಲಿಯುವಷ್ಟರಲ್ಲಿ ಬೊಬ್ಬೆ ಎದ್ದರೆ?

ನೀವೋ, ಸುಟ್ಟರೂ ಬಾಯಿ ಬಿಡುವವರಲ್ಲ. ಎಡಗಾಲಿನ ಹೆಬ್ಬೆರಳು ಮಡಚುತ್ತೀರಿ, ಅಷ್ಟೇ. ಇಷ್ಟು ವರ್ಷ ನಾನು ಬೆಂಕಿ ನೋಡಿದ್ದಕ್ಕಿಂತ ಆ ಬೆರಳು ನೋಡಿದ್ದೇ ಹೆಚ್ಚು. ಅವಳಿಗೆ ಇದೆಲ್ಲ ಎಲ್ಲಿ ಗೊತ್ತು! ನಿನ್ನೆಯಿಂದ ಇದೇ ಯೋಚನೆ, ಅನ್ನ ಇಳಿಯುತ್ತಿಲ್ಲ. "ಕಾಲು ಸುಟ್ಟ ಬೆಕ್ಕಿನ್ ಹಾಗೆ ಓಡಾಡ್ಬೇಡ, ಒಂದ್ಕಡೆ ಕೂತ್ಕೊಳ್ಳೇ" ಎಂದು ಅಕ್ಕ ಬೈದಳು.

ಹಾಗಂತ ನಾನೇನೂ ಮರೆತಿಲ್ಲ. ನಿಮ್ಮ ತಮ್ಮಂದಿರು ಕುಡಿಯುತ್ತಾ ಕೂತಿದ್ದಾಗ, ನಿಮ್ಮ ಬೆನ್ನಿಗೆ ಇಡುತ್ತಿದ್ದ ನನ್ನ ಕೈಯಿಂದ ಒಂದು ಕಿಡಿ ಜಾರಿದ್ದಕ್ಕೆ, "ಇವಳ್ದು ಕೈಯಲ್ಲ ಕಣ್ರೋ, ಎತ್ತಿನ ಗೊರಸು" ಎಂದಿರಿ. ಅವರು ನಕ್ಕರು, ನೀವೂ ನಕ್ಕಿರಿ. ನನಗೆ ಅವಮಾನವಾಯಿತು. ಮರುದಿನವೇ ಇಲ್ಲಿಗೆ ಬಂದೆ.

ಆ ಮಾತನ್ನು ಅದೇ ತಮ್ಮಂದಿರ ಎದುರು ವಾಪಸ್ ತೆಗೆದುಕೊಳ್ಳಿ. ತೆಗೆದುಕೊಂಡೆ ಎಂದು ಬರೆದು ತಿಳಿಸಿ. ಅಲ್ಲಿಯವರೆಗೆ ನಾನು ಇಲ್ಲಿಂದ ಕದಲುವುದಿಲ್ಲ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಇಸೆ

ತಾ. ಕ.: ಅಂಚೆಗೆ ಹಾಕಿದರೆ ಇದು ಎಂದು ತಲುಪುತ್ತದೋ, ಅಷ್ಟರಲ್ಲಿ ನಾಮಿ ನಿಮ್ಮ ಬೆನ್ನನ್ನು ಏನು ಮಾಡಿಟ್ಟಿರುತ್ತಾಳೋ. ಅದಕ್ಕೇ ರೈಲ್ವೆ ಸ್ಟೇಷನ್ನಿಗೆ ಬಂದು ಕೂತಿದ್ದೇನೆ, ಕಾಗದವನ್ನು ನಾನೇ ತರುತ್ತೇನೆ. ನನ್ನೆದುರೇ ಓದಿ. ತಮ್ಮಂದಿರಿಗೆ ಹೇಳಿಕಳಿಸಿ, ಆಮೇಲೆ ಅಂಗಿ ಬಿಚ್ಚಿ. ನಿಮ್ಮದಾದ ಮೇಲೆ ನೀವು ನನ್ನ ಬೆನ್ನಿಗೂ ಇಡಬೇಕು. ಅಕ್ಕ ಇಡುತ್ತೇನೆಂದರೂ ನಾನು ಬೆನ್ನು ಕೊಡಲಿಲ್ಲ.