ಲೀಟರ್ ಹಿಡಿಯುವ ತಂಬಿಗೆ

ಕಾಕು,

ಕ್ಷೇಮ ಸಮಾಚಾರ ಶುರುಮಾಡಿದರೆ "ಮೊದಲ ವಿಷಯಕ್ಕ ಬಾ" ಅಂತೀಯೆಂದು ಗೊತ್ತು. ಬಂದೆ. ಹಿಮಾಯತ್‌ನಗರದ ನರ್ಸಿಂಗ್ ಸ್ಕೂಲಿನಲ್ಲಿ ನೀನು ಬಿಟ್ಟುಹೋದ ಕೆಮಿಸ್ಟ್ರಿ ಕ್ಲಾಸನ್ನು ಈಗ ನಾನು ತಗೊಳ್ಳುತ್ತಿದ್ದೇನೆ. ಚೆನ್ನಾಗಿಯೇ ತಗೊಳ್ಳುತ್ತಿದ್ದೇನೆ. ನಿನ್ನಷ್ಟು ಜೋರು ದನಿ ನನಗಿಲ್ಲ, ಆದರೂ ಹಿಂದಿನ ಬೆಂಚಿನವರು ತೂಕಡಿಸುವುದಿಲ್ಲ.

ಕಲಬುರಗಿಯಿಂದ ಬಂದು ನಿನ್ನ ಮನೆಯಲ್ಲಿ ಓದಲು ನಿಂತ ಹೊಸತರಲ್ಲಿ ನಾನು ಪುಸ್ತಕ ಮುಚ್ಚಿ ಅತ್ತದ್ದು ನೆನಪಿದೆಯಾ? ದ್ರಾವಣ, ಸಾಂದ್ರತೆ, ಒಂದೂ ತಲೆಗೆ ಹತ್ತಿರಲಿಲ್ಲ. ನೀನು ಸಮಾಧಾನ ಮಾಡುವ ಪೈಕಿ ಅಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಹಾಕಿದೆ, ಲೀಟರ್ ಹಿಡಿಯುವ ತಂಬಿಗೆಗೂ ಒಂದೇ ಚಮಚ ಹಾಕಿದೆ, ಎರಡನ್ನೂ ಕುಡಿಸಿದೆ. "ಸಕ್ಕರಿ ಎಷ್ಟು ಅಂತ ಕೇಳಬ್ಯಾಡ. ಎಷ್ಟು ನೀರಾಗ ಎಷ್ಟು ಸಕ್ಕರಿ, ಅದನ್ನ ಕೇಳು. ರಕ್ತನೂ ಅದನ್ನ ಕೇಳತೈತಿ." ಆಮೇಲೆ ಅದಕ್ಕೇ ಲಿಂಬೆ ಹಿಂಡಿ ಕಾಕಾನಿಗೂ ಕೊಟ್ಟೆ. ಹುಳಿಗೆ ಹಿತ್ತಾಳೆ ಆಗದು ಎಂದು ಸ್ಟೀಲಿನ ತಂಬಿಗೆಗಾಗಿ ನೀನು ಹಟ ಹಿಡಿದಿದ್ದು ಬೇರೆ ಕಥೆ.

ಹೋದ ವರ್ಷ ರುಕ್ಮಿಣಿ ಬಂದಳು. ಯಾದಗಿರಿ ಕಡೆಯವಳು. ಅಪ್ಪ ಅವ್ವ ಗಚ್ಚಿಬೌಲಿಯಲ್ಲಿ ಕಟ್ಟಡದ ಕೆಲಸದವರು, ಸೈಟಿನ ತಗಡಿನ ಶೆಡ್ಡೇ ಮನೆ. ಆರ್ಟ್ಸ್ ಓದಿದ ಹುಡುಗಿ, ಟೆಸ್ಟು ಕೊಟ್ಟಾಗಲೆಲ್ಲ ಫೇಲು. ಒಂದು ಶುಕ್ರವಾರ ಬಾಗಿಲಲ್ಲಿ ನಿಂತು, "ನನಗ ಇದು ಆಗಂಗಿಲ್ರಿ ಮೇಡಂ. ಅವ್ವನ ಜೋಡಿ ಕೆಲಸಕ್ಕ ಹೋಗ್ತೀನ್ರಿ" ಅಂದಳು. ನನಗೆ ಸಿಟ್ಟೇ ಬಂತು. ಇಂಥವಳನ್ನು ಬಿಟ್ಟುಕೊಟ್ಟರೆ ನಿನ್ನ ಕುರ್ಚಿಯಲ್ಲಿ ಕೂತು ನಾನು ಮಾಡುವುದಾದರೂ ಏನು? "ಸೋಮವಾರದ ತನಕ ತಡಿ" ಅಂದೆ. ಸೋಮವಾರ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ನೀನಿದ್ದಿದ್ದರೆ...

ಆ ಭಾನುವಾರ ಅವಳ ಪುಟ್ಟ ತಂಗಿಗೆ ಭೇದಿ ಹತ್ತಿತ್ತು. ನಮ್ಮ ಕಡೆಯವರ ಮಮತೆ ನಿನಗೆ ಗೊತ್ತಲ್ಲ? ಹಾಲು ಗಟ್ಟಿ, ಚಹಾ ಗಟ್ಟಿ, ಬೇಕಾದವರಿಗೆ ತೆಳ್ಳಗಿನದು ಕೊಟ್ಟರೆ ಮರ್ಯಾದೆಯೇ ಹೋಯಿತು. ಲೀಟರ್ ನೀರಿಗೆ ಹಾಕಬೇಕಾದ ಓಆರ್‌ಎಸ್ ಪೊಟ್ಟಣವನ್ನು ಅವಳವ್ವ ಪೂರ್ತಿಯಾಗಿ ಒಂದೇ ಲೋಟಕ್ಕೆ ಸುರಿದು ಕುಡಿಸುತ್ತಿದ್ದಳು. ಕೂಸು ಇನ್ನಷ್ಟು ಸೊರಗುತ್ತಿತ್ತು. ರುಕ್ಮಿಣಿ ಬೆರಳದ್ದಿ ನಾಲಿಗೆಗಿಟ್ಟಳು. ಕಟು ಉಪ್ಪು. ಗಟ್ಟಿ ದ್ರಾವಣ ಹೊಟ್ಟೆಗೆ ಹೋದರೆ ಮೈಯಲ್ಲಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ ಎಂದು ನಾನು ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದ್ದು ಆಗ ಅವಳಿಗೆ ಹೊಳೆಯಿತಂತೆ. ಲೋಟ ಚೆಲ್ಲಿ, ಕಾಯಿಸಿ ಆರಿಸಿದ ಲೀಟರ್ ನೀರಿಗೆ ಹೊಸ ಪೊಟ್ಟಣ ಹಾಕಿದಳು.

"ಅಷ್ಟು ನೀರು ಮಾಡಿ ಕೊಡ್ತಿ? ಕೂಸೇನು ಮಂದೀದಾ?" ಎಂದು ಅವ್ವ ಚೀರಿದಳಂತೆ.

"ಔಷಧ ಅದೇ ಐತಬೇ. ನೀರು ಸಾಲದಾಗಿತ್ತು."

ಚಮಚದಲ್ಲಿ ಕುಡಿಸುತ್ತಲೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಮಗು ಉಳಿಯಿತು, ಕಾಕು. ಸೋಮವಾರ ರುಕ್ಮಿಣಿ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ನಾನು ಹೇಳಲು ತಡಕಾಡುತ್ತಿದ್ದ ಮಾತು ಬೇಕಾಗಲೇ ಇಲ್ಲ. ಮುಂದಿನ ಟೆಸ್ಟಿನಲ್ಲಿ ಪಾಸಾದಳು, ಅಂಚಿನಲ್ಲಿ, ಆದರೆ ಪಾಸು.

ಇನ್ನು ಹೊಸ ಸುದ್ದಿ. ಮೊನ್ನೆ ಹೊಸ ಬ್ಯಾಚಿನ ಮೊದಲ ಕ್ಲಾಸಿಗೆ ನಿನ್ನ ತಂಬಿಗೆ ಹಿಡಿದು ಮುಂದೆ ನಿಂತದ್ದು ನಾನಲ್ಲ, ರುಕ್ಮಿಣಿ. ಅವಳವ್ವನನ್ನೂ ಕರೆಸಿದ್ದೆ. ಅವಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಮುದುರಿ ಕೂತಿದ್ದಳು. ರುಕ್ಮಿಣಿ ಒಂದು ಪೊಟ್ಟಣವನ್ನು ಲೋಟಕ್ಕೆ, ಇನ್ನೊಂದನ್ನು ತಂಬಿಗೆಗೆ ಹಾಕಿ, "ಕೂಸಿಗೆ ಯಾವುದು ಕೊಡ್ತೀರಿ?" ಎಂದು ಕೇಳಿದಳು. ಹುಡುಗಿಯರೆಲ್ಲ ಗಟ್ಟಿ ಲೋಟವನ್ನೇ ತೋರಿಸಿದರು.

ಅವಳವ್ವ ಕೂಸನ್ನು ಸೊಂಟಕ್ಕೇರಿಸಿ ಎದ್ದು ನಿಂತಳು. "ತಂಬಗೀದು," ಅಂದಳು ಜೋರಾಗಿ. "ತಂಬಗೀದು ಕೊಡ್ರಿ."

ಥೇಟು ನಿನ್ನ ದನಿ, ಕಾಕು.

ನಿನ್ನ ಮಂದಾ