ಮೂಕಿ ಸಿನೆಮಾ ತೋರಿಸ್ರಿ

ಪುಣೆ, ೧೯೩೩

ತೀರ್ಥರೂಪ ಮಾವನವರಿಗೆ ಚನ್ನವೀರನ ಶರಣು.

ಬಾಳವ್ವಗ ಕಿವಿ ಕೇಳಂಗಿಲ್ಲ ಅನ್ನೋದನ್ನ ಮುಚ್ಚಿಟ್ಟು ನನಗ ಕಟ್ಟಿದ್ರಿ. ನಾಚಿಕಿ ಸ್ವಭಾವ ಅಂತ ನಾನೂ ಮಂದಿಗೆ ಹೇಳಿಕೋತ ಬಂದೆ. ಮೂಕಿ ಸಿನೆಮಾದಾಗ ಎಲ್ಲಾರ ಜೋಡಿ ನಗತಿದ್ಲು, ಅಳತಿದ್ಲು, ಯಾರಿಗೂ ಗೊತ್ತಾಗಲಿಲ್ಲ. ಮೊನ್ನೆ ನಮ್ಮ ಸಾಹೇಬರು, ಅವರ ಹೆಂಡತಿ ಜೋಡಿ ಮಾತಾಡೋ ಸಿನೆಮಾಕ್ಕ ಹೋಗಿದ್ವಿ. ಪರದೆ ಮ್ಯಾಲ ಸೊಸಿ ಸುಳ್ಳಸುಳ್ಳ ಅತ್ತಾಗ ಎಲ್ಲಾರೂ ನಕ್ರು. ನಿಮ್ಮ ಮಗಳು ಬಿಕ್ಕಿಬಿಕ್ಕಿ ಅತ್ಲು. ಈಗ ಆಫೀಸಿನ ತುಂಬ ಅದ ಮಾತು.

ಇವತ್ತಿನ ಗಾಡಿಗೆ ನಿಮ್ಮೂರ ಮಂದಿ ಜೋಡಿ ಅಕಿನ್ನ ಕಳಸಾಕತ್ತೇನಿ. ಈ ಪತ್ರಾನೂ ಅವರ ಕೈಯಾಗ ಕೊಡತೇನಿ. ಧಾರವಾಡದ ತಂಬುವಿನಾಗ ಇನ್ನೂ ಮೂಕಿ ಸಿನೆಮಾನ ನಡಸ್ತಾರಂತ. ದುಃಖದ ಕಥಿ ಇದ್ರ ತೋರಿಸ್ರಿ, ಅಕಿಗೆ ಭಾಳ ಸೇರತಾವ. ಸಿನೆಮಾಕ್ಕ ಹೊಂಟೇವಿ ಅಂತ ತಿಳಕೊಂಡು ಈಗ ಹೊಸಾ ಸೀರಿ ಉಟಗೊಂಡು ಬಾಗಲದಾಗ ನಿಂತಾಳ.

ನಿಮ್ಮ ಅಳಿಯನಾಗಿದ್ದ,
ಚನ್ನವೀರ