ಅನ್ನ ಬೇಯುವಾಗ ಕಾಣುವ ರಂಗೋಲಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮಂಜುಗಡ್ಡೆ, ನೀರು, ಆವಿ ಮೂವರೂ ಅಕ್ಕತಂಗಿಯರು ಎಂಬ ಕತೆಯನ್ನು ಮೊದಲು ಹೇಳಿದವಳು ನನ್ನ ಹೆಂಡತಿ ಕಾಶೀಬಾಯಿ. ಹೋದ ಚಳಿಗಾಲ, ಇಂಗ್ಲಿಷ್ ನಾಡಿನ ಈ ಹಾರ್ಬೋರ್ನ್‌ನಲ್ಲಿ, ಮಗಳ ಮನೆಯ ಅಡುಗೆಕೋಣೆಯಲ್ಲಿ. ಅದನ್ನು ಕೇಳಿದ ಐದು ವರ್ಷದ ಮೊಮ್ಮಗಳು ಆಶ್ರಿತಾಳನ್ನು ನಿಮ್ಮ ಕಚೇರಿ ‘ಸತ್ತವರನ್ನು ಕಲ್ಪಿಸಿಕೊಳ್ಳುವ ಮಗು’ ಎಂದು ಕರೆದಿದೆ. ಅಂದಿನಿಂದ ಅವಳು ಶಾಲೆಯಲ್ಲಿ ತುಟಿ ಬಿಚ್ಚಿಲ್ಲ.

“ಹಿರೇಕಿ ಇಟ್ಟಲ್ಲೇ ಕೂಡ್ತಾಳ. ನಡುವಿನಾಕಿ ಯಾವ ಪಾತ್ರಿಗೆ ಹಾಕಿದ್ರೂ ಹೊಂದ್ಕೋತಾಳ. ಸಣ್ಣಾಕಿ ಮನಿತುಂಬ ತಿರಗ್ತಾಳ, ಕೈಗೆ ಸಿಗಂಗಿಲ್ಲ.”

“ಶೀ ಈಸ್ ನಾಟಿ, ಅಜ್ಜಿ.”

“ಹೌದು, ಥೇಟ್ ನಿನ್ನಂಗ.”

ಈ ಊರಿನಲ್ಲಿ ಬಾಗಿಲ ಮುಂದೆ ರಂಗೋಲಿ ಹಾಕಿದರೆ ಮಳೆ ಉಳಿಸುವುದಿಲ್ಲ. ಆದ್ದರಿಂದ ಆಕೆ ಹಬೆ ಕಟ್ಟಿದ ಕಿಟಕಿಯ ಗಾಜಿನ ಮೇಲೆ, ಒಗ್ಗರಣೆಯ ಎಣ್ಣೆ ಹತ್ತಿದ ಬೆರಳಿನಿಂದಲೇ ಎಳೆ ಬಿಡಿಸುತ್ತಿದ್ದಳು. ಫೆಬ್ರವರಿಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಮಗಳು ನಿವೇದಿತಾ ಅನ್ನಕ್ಕಿಟ್ಟಳು. ಗಾಜು ಮಬ್ಬಾಯಿತು. ಅದರೊಳಗಿಂದ ರಂಗೋಲಿ ಮೆಲ್ಲಗೆ ಮೂಡಿ ಬಂತು.

ಮಗಳು ಆಸ್ಪತ್ರೆಯಲ್ಲಿ ವೈದ್ಯೆ. “ಎಣ್ಣಿ ಇದ್ದಲ್ಲಿ ಹನಿ ಬ್ಯಾರೆ ಥರ ಕೂಡ್ತಾವ, ಅಪ್ಪಾ. ಅಷ್ಟ,” ಅಂದಳು.

“ಗೊತ್ತಾತವ್ವಾ.”

“ಮತ್ಯಾಕ ನೋಡ್ಕೋತ ನಿಂತೀರಿ?”

“ನೀ ಯಾಕ ನಿಂತಿ?”

ಅನ್ನ ತಳ ಹಿಡಿಯಿತು.

ತಟ್ಟೆಯ ನೀರು ಆರಿದ್ದನ್ನು ತೋರಿಸಿ, ಅದು ಎಲ್ಲಿ ಹೋಯಿತೆಂದು ಟೀಚರ್ ತರಗತಿಯಲ್ಲಿ ಕೇಳಿದರಂತೆ. ಅದು ತಿರುಗಿ ಬರುತ್ತದೆ, ಬಂದಾಗ ನಮ್ಮಜ್ಜಿಯ ರಂಗೋಲಿ ಕಾಣುತ್ತದೆ ಎಂದಳು ಆಶ್ರಿತಾ. ಅಷ್ಟನ್ನೇ ಅವರು ನಿಮ್ಮ ಕಚೇರಿಗೆ ಬರೆದು ಕಳಿಸಿದ್ದು. ಇದರಲ್ಲಿ ಸುಳ್ಳು ಯಾವುದು? ಆವಿ ತಣ್ಣಗಾದರೆ ಹನಿಯಾಗುತ್ತದೆಂದು ಕಲಿಸುವವರು ನೀವೇ ಅಲ್ಲವೇ? ಪಾಠ ನಮ್ಮ ಮನೆಯ ಕಿಟಕಿಯವರೆಗೆ ಬಂದರೆ ಅದಕ್ಕೆ ನಿಮ್ಮ ಅಪ್ಪಣೆ ಬೇಕೇ? ‘ಗಾಜನ್ನು ಸೋಪು ಹಾಕಿ ಒರೆಸಿ’ ಎಂಬ ತಮ್ಮ ಸಲಹೆಗೆ ಕೃತಜ್ಞರು. ಹಾಗೆ ಒರೆಸಲು ನಮ್ಮ ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ.

ಕಳೆದ ಭಾನುವಾರ ನನ್ನ ಹತ್ತಿರ ಕನ್ನಡ ಕಲಿಯಲು ಬರುವ ಮಕ್ಕಳಿಗೆ ಈ ಕಿಟಕಿಯ ಕತೆಯನ್ನೇ ಹೇಳಿದೆ. ಮರುದಿನ ಬೆಳಿಗ್ಗೆ ಅವರೆಲ್ಲ ತಂತಮ್ಮ ಕಿಟಕಿಗಳಿಗೆ ಉಸಿರೂದಿ ನೋಡಿದರಂತೆ. ಹರ್ಷ ಎಂಬ ಹುಡುಗನ ಬಾಡಿಗೆ ಮನೆಯ ಗಾಜಿನಲ್ಲಿ, ಆ ಮನೆಯ ಯಾರದೂ ಅಲ್ಲದ ಪುಟ್ಟ ಅಂಗೈಯೊಂದು ಮೂಡಿತು. ಅವನು ಅಮ್ಮನಿಂದ ಫೋನ್ ಮಾಡಿಸಿದ್ದು ನನಗಲ್ಲ, ಆಶ್ರಿತಾಳಿಗೆ. ಏನು ಮಾಡಲಿ ಎಂದು ಕೇಳಿದ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, “ಹೆದರಬ್ಯಾಡ. ಯಾರೋ ಇಲ್ಲಿ ಇದ್ರು, ಅಷ್ಟ,” ಅಂದಳು.

ಆಶ್ರಿತಾ ನಿಜ ಹೇಳಿದ್ದಾಳೆ ಎಂದು ಅದೇ ತರಗತಿಯಲ್ಲಿ, ಎಲ್ಲರೆದುರು ಹೇಳಿಸಿ. ಬೇರೇನೂ ಬೇಡ.

ಇಂತಿ,
ಹಸಿವಿಲ್ಲದಿದ್ದರೂ ಅನ್ನಕ್ಕಿಡುವ
ಅಡಿವೆಪ್ಪ